ಸದ್ಯಕ್ಕೆ ಸುತ್ತಿದ ಬೆಳ್ಳಿಕಾಗದ

ನಮ್ಮ ಹಳೆಯ ಫಿಯೆಟ್ಟಿನ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಸಿಕ್ಕಿದ್ದು ಸಿಗರೇಟ್ ಪಾಕೀಟಿನ ಬೆಳ್ಳಿಕಾಗದ. ಸುಟ್ಟುಹೋದ ಒಂದು ಫ್ಯೂಸಿನ ಮೈಮೇಲೆ ಅದನ್ನು ಎರಡು ಸುತ್ತು ಸುತ್ತಿ, ಮತ್ತೆ ಅದರ ಜಾಗದಲ್ಲೇ ಒತ್ತಿ ಕೂಡಿಸಲಾಗಿತ್ತು. ಕಾಗದದ ಒಂದು ಅಂಚು ಕಪ್ಪಗಾಗಿತ್ತು. ಅದನ್ನು ಸುತ್ತಿದವರು ನಮ್ಮ ಅಪ್ಪ. ಸುತ್ತುವಾಗ ಬ್ಯಾಟರಿ ಹಿಡಿದು ಪಕ್ಕದಲ್ಲಿ ನಿಂತವನು ನಾನು. ಅದನ್ನು ಈಗ ತೆಗೆದುಹಾಕಬೇಕೋ ಬೇಡವೋ ಎಂಬ ಪ್ರಶ್ನೆ ನನ್ನನ್ನೂ ನನ್ನ ತಮ್ಮನನ್ನೂ ಒಂದು ತಿಂಗಳು ಕಾಡಿತು ಅಂದರೆ ಓದುವವರಿಗೆ ನಗು ಬರಬಹುದು. ಬರಲಿ, ಪರವಾಗಿಲ್ಲ. ಆದರೆ ಆ ಪ್ರಶ್ನೆ ಬರೀ ಕಾರಿನದಾಗಿ ಉಳಿಯಲಿಲ್ಲ.

ಫಿಯೆಟ್ ಎನ್ನುವುದು ರೂಢಿಯ ಮಾತು. ನಮ್ಮದು 1975ರ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100 ಡಿಲೈಟ್ ಕಾರನ್ನು 1964ರಿಂದ ಇಲ್ಲೇ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯವರು ತಯಾರಿಸುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಹೆಸರು ಬದಲಾಯಿತು, ಆದರೆ ಜನ ಫಿಯೆಟ್ ಅನ್ನುವುದನ್ನು ಬಿಡಲಿಲ್ಲ. 1089 ಸಿಸಿ ಎಂಜಿನ್ನು, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ಮುಂದೆ ಮೂರು ಜನ ಒತ್ತಿಕೊಂಡು ಕೂರಬಹುದಾದ ಒಂದೇ ಉದ್ದ ಸೀಟು. ಈ ಊರಿನ ಕರಿ-ಹಳದಿ ಟ್ಯಾಕ್ಸಿ ಅಂದರೆ ದಶಕಗಳ ಕಾಲ ಇದೇ ಗಾಡಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಮುಗಿಯುವಷ್ಟರಲ್ಲಿ ಅದೂ ರಸ್ತೆ ಬಿಟ್ಟಿತು. ಖಾಸಗಿ ಗಾಡಿಗಳು ಮಾತ್ರ ಅಲ್ಲೊಂದು ಇಲ್ಲೊಂದು ಉಳಿದಿವೆ. ನಮ್ಮದು ಅಂಥದೊಂದು.

ಬೆಳ್ಳಿಕಾಗದದ ಕತೆ 1989ರದು. ಜುಲೈ ತಿಂಗಳ ಒಂದು ಸಂಜೆ ಧಾರವಾಡದಿಂದ ಫೋನ್ ಬಂತು, ಅಜ್ಜಿ ಹೋದಳು ಅಂತ. ಮರುದಿನ ಬೆಳಿಗ್ಗೆ ಎತ್ತುತ್ತಾರೆ, ಹೆಚ್ಚು ಹೊತ್ತು ಇಡುವ ಹಾಗಿಲ್ಲ. ಮುಲುಂಡಿನಿಂದ ಧಾರವಾಡ ಐನೂರು ಕಿಲೋಮೀಟರಿಗೂ ಮೇಲೆ. ಅಪ್ಪ, ಅವ್ವ, ತಮ್ಮ, ನಾನು, ನಾಲ್ವರೂ ಕಾರು ಹತ್ತಿದೆವು. ದಾರಿಯುದ್ದಕ್ಕೂ ಮಳೆ. ನಿಪ್ಪಾಣಿ ದಾಟಿ ತವಂದಿ ಘಾಟ ಹತ್ತುವಾಗ ವೈಪರೂ ಮಂಜಿನ ದೀಪಗಳೂ ಒಮ್ಮೆಲೇ ನಿಂತವು. ಮಂಜಿನ ದೀಪಗಳನ್ನು ಅಪ್ಪ ಊರಿನ ರಾತ್ರಿ ಪ್ರಯಾಣಕ್ಕೆಂದೇ ಹಾಕಿಸಿಕೊಂಡಿದ್ದರು. ಅವಕ್ಕೆ ಕರೆಂಟು ಹೋಗುತ್ತಿದ್ದುದು ವೈಪರಿನ ಫ್ಯೂಸಿನಿಂದಲೇ. ಮತ್ತೊಂದು ಫ್ಯೂಸ್ ಜೊತೆಯಲ್ಲಿರಲಿಲ್ಲ. ನಡುರಾತ್ರಿ, ಯಾವ ಅಂಗಡಿ ತೆರೆದಿರುತ್ತದೆ? ಪಕ್ಕದಲ್ಲಿ ನಿಂತಿದ್ದ ಲಾರಿಯ ಕ್ಲೀನರ್ ಹುಡುಗ ತನ್ನ ಸಿಗರೇಟ್ ಪಾಕೀಟು ಹರಿದು ಕಾಗದ ಕೊಟ್ಟ. ಅಪ್ಪ ಸಿಗರೇಟು ಸೇದಿದವರಲ್ಲ. ಕಾಗದ ಸುತ್ತುತ್ತಾ, ಯಾರಿಗೆ ಹೇಳಿದರೋ, "ಸದ್ಯಕ್ಕ ಇಷ್ಟ ಇರಲಿ, ನಾಳೆ ಬದಲಾಸೂಣು" ಅಂದರು. ಬೆಳಿಗ್ಗೆ ಏಳಕ್ಕೆ ಧಾರವಾಡ ಮುಟ್ಟಿದೆವು. ಅಜ್ಜಿಯ ಮುಖ ನೋಡಲಿಕ್ಕೆ ಸಿಕ್ಕಿತು.

ನಾಳೆ ಬರಲಿಲ್ಲ. ಹದಿಮೂರು ದಿನದ ಕಾರ್ಯ ಮುಗಿಸಿ ಮುಂಬಯಿಗೆ ಬಂದೆವು. ಗಾಡಿ ಓಡುತ್ತಿತ್ತು, ವೈಪರ್ ತಿರುಗುತ್ತಿತ್ತು. ಯಾರಿಗೂ ನೆನಪಾಗಲಿಲ್ಲ.

ಈ ಫ್ಯೂಸ್ ಅನ್ನುವುದು ಏನು ಮಾಡುತ್ತದೆ ಅಂತ ಇಲ್ಲಿ ಸ್ವಲ್ಪ ಹೇಳಬೇಕು. ಹಳೆಯ ಯುರೋಪಿನ ಕಾರುಗಳಲ್ಲಿ ಇದ್ದದ್ದು ಪಿಂಗಾಣಿಯ ಪುಟ್ಟ ಕಡ್ಡಿ, ಎರಡೂ ತುದಿ ಚೂಪು, ಮೈಮೇಲೆ ತೆಳ್ಳನೆಯ ಲೋಹದ ಪಟ್ಟಿ. ಬಿಳಿಯದು 8 ಆಂಪಿಯರ್, ಕೆಂಪು 16, ನೀಲಿ 25. ಮಿತಿ ಮೀರಿ ಕರೆಂಟು ಹರಿದರೆ ಆ ಪಟ್ಟಿ ಕರಗಿ ತುಂಡಾಗುತ್ತದೆ. ಬಹಳ ಜನ ಫ್ಯೂಸ್ ಇರುವುದು ದೀಪ ಕಾಯಲಿಕ್ಕೆ, ರೇಡಿಯೊ ಕಾಯಲಿಕ್ಕೆ ಅಂದುಕೊಂಡಿರುತ್ತಾರೆ. ಅದು ಮುಖ್ಯವಾಗಿ ಕಾಯುವುದು ತಂತಿಯನ್ನು. ಸೀಟಿನ ಕೆಳಗೆ, ತಗಡಿನ ಹಿಂದೆ, ಕಣ್ಣಿಗೆ ಕಾಣದ ಕಡೆಯೆಲ್ಲ ಹಾದುಹೋಗುವ ತಂತಿ. ಕರೆಂಟು ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಕಾವು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ದಾರಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಒಂದು ಜಾಗವನ್ನು ಬೇಕೆಂದೇ ಮಾಡಿ, ಸುಡುವುದಿದ್ದರೆ ಇಲ್ಲಿ ಸುಡಲಿ, ಕೈಗೆ ಸಿಗುವ ಕಡೆ ಸುಡಲಿ ಅಂತ ಇಟ್ಟಿರುತ್ತಾರೆ. ಅದರ ಮೇಲೆ ಬೆಳ್ಳಿಕಾಗದ ಸುತ್ತಿದರೆ ಆ ದುರ್ಬಲ ಜಾಗ ಗಟ್ಟಿಯಾಗುತ್ತದೆ. ಸುಡುವ ಸರದಿ ಆಗ ತಂತಿಯದು.

ಅಪ್ಪನ ಕಾಲದ ಲೆಕ್ಕ ಹಾಕಿ ನೋಡಿದೆ. ಮಂಜಿನ ದೀಪ ಎರಡು, 55 ವಾಟಿನವು. ಒಟ್ಟು 110 ವಾಟನ್ನು 12 ವೋಲ್ಟಿನಿಂದ ಭಾಗಿಸಿದರೆ ಒಂಬತ್ತು ಆಂಪಿಯರಿಗೂ ಮೇಲಾಯಿತು. ವೈಪರಿನದು ಇನ್ನು ಮೂರು-ನಾಲ್ಕು. 8 ಆಂಪಿಯರಿನ ಫ್ಯೂಸ್ ಆ ರಾತ್ರಿ ಹೋದದ್ದರಲ್ಲಿ ಆಶ್ಚರ್ಯವಿಲ್ಲ, ತಾನು ಮಾಡಬೇಕಾದದ್ದನ್ನೇ ಅದು ಮಾಡಿತ್ತು. ಆಮೇಲೆ ನಾವೂ ಸುಮ್ಮನೆ ಕೂರಲಿಲ್ಲ. ನಾನು ಕ್ಯಾಸೆಟ್ ಪ್ಲೇಯರ್ ಹಾಕಿಸಿದೆ. ನನ್ನ ಮಗ ಅದನ್ನು ಕಿತ್ತು ದೊಡ್ಡ ಸ್ಟೀರಿಯೊ ಹಾಕಿದ. ಮೊಬೈಲ್ ಚಾರ್ಜರ್ ಬಂತು. ಎಲ್ಲ ಅದೇ ತಂತಿಗೇ. ಎಷ್ಟು ಹೇರಿದರೂ ಫ್ಯೂಸ್ ಹೋಗುತ್ತಿರಲಿಲ್ಲವಲ್ಲ, ನಮಗೆ ಅನುಮಾನ ಬರುವುದಾದರೂ ಹೇಗೆ? ಹೋಗದ ಫ್ಯೂಸನ್ನು ನಾವು ಒಳ್ಳೆಯ ಫ್ಯೂಸ್ ಅಂದುಕೊಂಡೆವು.

ಕಳೆದ ಮಳೆಗಾಲದಲ್ಲಿ ಊರಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಸೊಸೆ, ಏಳು ವರ್ಷದ ಮೊಮ್ಮಗ. ಪುಣೆ ದಾಟಿ ಶಿರವಳ ಹಿಂದೆ ಹಾಕಿ, ಖಂಬಾಟಕಿ ಘಾಟ ಇನ್ನೇನು ಶುರುವಾಗಬೇಕು, ಆಗ ರಬ್ಬರು ಸುಟ್ಟ ವಾಸನೆ. ನೋಡನೋಡುತ್ತಿದ್ದಂತೆ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ. ಗಾಡಿ ಪಕ್ಕಕ್ಕೆ ಹಾಕಿ ಮಗುವನ್ನು ಮಳೆಯಲ್ಲೇ ಕೆಳಗಿಳಿಸಿದೆವು. ಬಾನೆಟ್ ಎತ್ತಿ ಬ್ಯಾಟರಿಯ ಟರ್ಮಿನಲ್ ತಿರುಚಿ ಕಿತ್ತೆ. ಅದು ಸಡಿಲವಾಗಿದ್ದದ್ದು ಪುಣ್ಯ, ಪಾನಾ ಹುಡುಕುತ್ತಾ ಕೂತಿದ್ದರೆ ಈ ಲೇಖನ ಬೇರೆ ಥರ ಇರುತ್ತಿತ್ತು. ಮೂರಡಿ ತಂತಿ ಸುಟ್ಟು ಅಂಟಂಟಾಗಿತ್ತು. ಫ್ಯೂಸ್ ಮಾತ್ರ ಗಟ್ಟಿಮುಟ್ಟಾಗಿ ಕೂತಿತ್ತು, ಬೆಳ್ಳಿಕಾಗದ ಹೊದ್ದುಕೊಂಡು.

ಗಾಡಿಯನ್ನು ಎಳೆಸಿಕೊಂಡು ಮುಂಬಯಿಗೆ ತಂದು ಕುರ್ಲಾದ ಒಬ್ಬ ಹಳೆಯ ಇಲೆಕ್ಟ್ರಿಷನ್ ಹತ್ತಿರ ಒಯ್ದೆ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಾರೆ. ಉತ್ತರಪ್ರದೇಶದ ಕಡೆಯವರು, ಫಿಯೆಟ್ ಟ್ಯಾಕ್ಸಿಗಳ ಮೇಲೆಯೇ ಕೈ ಪಳಗಿಸಿಕೊಂಡವರು. ಬೆಳ್ಳಿಕಾಗದ ನೋಡಿ ಬೈಯಲಿಲ್ಲ, ನಕ್ಕರು. "ಫ್ಯೂಸ್ ತೋ ಮರ್‌ನೇ ಕೇ ಲಿಯೇ ಹೀ ಬನಾ ಹೈ ಸಾಬ್, ಆಪ್‌ನೇ ಮರ್‌ನೇ ನಹೀ ದಿಯಾ" ಅಂದರು. ಸಾಯಲಿಕ್ಕೇ ಹುಟ್ಟಿದ್ದನ್ನು ನೀವು ಸಾಯಲು ಬಿಡಲಿಲ್ಲ ಅಂತ. ಹಳೆಯ ಪೆಟ್ಟಿಗೆಯ ಹಿಡಿಕೆಗಳು ತುಕ್ಕು ಹಿಡಿದು ಸಡಿಲಾಗಿವೆ, ಇದರಲ್ಲಿ ಹೊಸ ಫ್ಯೂಸ್ ಹಾಕಿದರೂ ಬಿಸಿಯಾಗುತ್ತದೆ. ಹೊರಗೆ ಸಿಗುವ ಹೊಸ ಫ್ಯೂಸ್ ಪೆಟ್ಟಿಗೆ ಕೂಡಿಸೋಣ ಅಂದರು. ಹನ್ನೆರಡು ಮನೆಗಳ ಪೆಟ್ಟಿಗೆ, ಈಗಿನ ಕಾರುಗಳಲ್ಲಿರುವ ಚಪ್ಪಟೆ ಬ್ಲೇಡ್ ಫ್ಯೂಸಿನದು. ಅವು 1976ರ ಸುಮಾರಿಗೆ ಬಂದವು, ಅಂದರೆ ನಮ್ಮ ಗಾಡಿಗಿಂತ ಚಿಕ್ಕವು.

ಆ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನು ನೌಕರಿ ಮುಗಿದ ಮೇಲೆ ಧಾರವಾಡಕ್ಕೆ ಮರಳಿ ಅಲ್ಲೇ ಇದ್ದಾನೆ. ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಣ್ಣಾ, ತಂತಿ ಬೇಕಾದ್ರ ಬದಲ ಮಾಡಿಸು. ಆ ಪೆಟ್ಟಿಗಿ ಮಾತ್ರ ತಗೀಬ್ಯಾಡ. ಅಪ್ಪನ ಕೈಲೆ ಸುತ್ತಿದ್ದು ಅದು. ಅಜ್ಜಿ ಮಾರಿ ನೋಡ್ಲಿಕ್ಕೆ ಸಿಕ್ಕಿದ್ದು ಅದರಿಂದನ. ಎಲ್ಲಾ ತಗದು ಒಗದ್ರ ಅಪ್ಪಂದು ಅಂತ ಆ ಗಾಡಿಯೊಳಗ ಏನ್ ಉಳೀತು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಹಳೆಯ ಗಾಡಿಗಳ ಹುಚ್ಚಿರುವ ಒಬ್ಬ ಗೆಳೆಯನೂ ಬೇರೆ ಕಾರಣಕ್ಕೆ ಇದೇ ಮಾತು ಹೇಳಿದ: ಕಾರ್ಖಾನೆ ಬಿಟ್ಟಾಗ ಹೇಗಿತ್ತೋ ಹಾಗೇ ಇದ್ದರೆ ಮಾತ್ರ ಅದು ಹಳೆಯ ಗಾಡಿ, ಇಲ್ಲದಿದ್ದರೆ ಅದೊಂದು ವೇಷ ಅಂತ.

ಗೆಳೆಯನಿಗೆ ಉತ್ತರ ಹೇಳುವುದು ಸುಲಭವಾಗಿತ್ತು. ಪ್ರಶ್ನೆ ಬಹಳ ಹಳೆಯದು. ಅಥೆನ್ಸಿನವರು ಥೀಸಿಯಸ್ಸನ ಹಡಗಿನ ಹಲಗೆ ಹಾಳಾದಂತೆಲ್ಲ ಹೊಸ ಹಲಗೆ ಹಾಕುತ್ತಾ ಹೋದರು, ಅದು ಅದೇ ಹಡಗೇ ಎಂದು ತತ್ವಜ್ಞಾನಿಗಳು ಜಗಳವಾಡುತ್ತಿದ್ದರು ಅಂತ ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ಕೇಳಿದ್ದೂ ಇದರ ಹತ್ತಿರದ ಪ್ರಶ್ನೆಯೇ: ರಥ ಎಂದರೆ ಗಾಲಿಯೋ, ಅಚ್ಚೋ, ನೊಗವೋ? ಪುರಿಯ ಜಗನ್ನಾಥನ ಮರದ ಮೂರ್ತಿಗಳನ್ನೇ ಅಧಿಕ ಆಷಾಢ ಬಂದ ವರ್ಷ ಹೊಸದಾಗಿ ಕೆತ್ತುತ್ತಾರೆ. 1996ರಲ್ಲಿ ಕೆತ್ತಿದರು, 2015ರಲ್ಲಿ ಮತ್ತೆ ಕೆತ್ತಿದರು. ಹಳೆಯ ಮೂರ್ತಿಗಳಿಗೆ ಸಮಾಧಿ ಮಾಡಿ, ಸೂತಕ ಹಿಡಿಯುತ್ತಾರೆ. ದೇವರು ಬದಲಾದ ಅಂತ ಯಾವ ಭಕ್ತನೂ ಅನ್ನುವುದಿಲ್ಲ. ನಾವು ಟಯರು ಬದಲಾಯಿಸಿಲ್ಲವೆ? ಬ್ರೇಕಿನ ಲೈನರು? ಆಗ ಯಾರೂ ಅಳಲಿಲ್ಲ. ಸರ್ಕಾರ 2021ರಲ್ಲಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ಎಂಬ ಪಟ್ಟ ಕೊಡುವ ನಿಯಮ ಮಾಡಿದಾಗಲೂ, ಚಾಸಿ, ಹೊರಮೈ, ಎಂಜಿನ್ನುಗಳಲ್ಲಿ ಮಾರ್ಪಾಡು ಇರಕೂಡದು ಅಂದಿತು. ಫ್ಯೂಸಿನ ಮಾತು ಅಲ್ಲಿಲ್ಲ.

ಆದರೆ ತಮ್ಮ ಕೇಳಿದ್ದು ಇದಲ್ಲ. ಆ ಬೆಳ್ಳಿಕಾಗದ ಕಾರ್ಖಾನೆಯದ್ದಂತೂ ಅಲ್ಲವಲ್ಲ. ಅಸಲಿತನದ ಲೆಕ್ಕದಲ್ಲಿ ಅದು ಕಸ. ಅವನು ಕೇಳಿದ್ದು ಋಣದ ಪ್ರಶ್ನೆ. ನಮಗೆ ಒಳ್ಳೆಯದು ಮಾಡಿದವರ ಕೈಗುರುತನ್ನು, ಈಗ ಅದು ಅಪಾಯ ಅಂತ ನಾವೇ ಅಳಿಸಬಹುದೇ? ಇದಕ್ಕೆ ಪ್ಲುಟಾರ್ಕನ ಹಡಗಿನಲ್ಲಿ ಉತ್ತರವಿಲ್ಲ.

ಯೋಚನೆ ಮಾಡುತ್ತಾ ಅಪ್ಪನ "ಸದ್ಯಕ್ಕ" ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಊರು ಬಿಟ್ಟು ಬಂದವರ ಸಂಸಾರದಲ್ಲಿ ಇದಕ್ಕಿಂತ ಹೆಚ್ಚು ಬಳಕೆಯಾಗುವ ಮಾತು ಯಾವುದಿದೆ ಹೇಳಿ. ಸದ್ಯಕ್ಕೆ ಒಂದು ಖೋಲಿ ಸಾಕು. ಸದ್ಯಕ್ಕೆ ಕಪಾಟು ಬೇಡ, ಹೇಗೂ ಊರಿಗೆ ಹೋಗುವವರಲ್ಲವೆ? ಸದ್ಯಕ್ಕೆ ಮಕ್ಕಳು ಇಲ್ಲೇ ಹತ್ತಿರದ ಶಾಲೆಗೆ ಹೋಗಲಿ, ಕನ್ನಡ ಆಮೇಲೆ ಮನೆಯಲ್ಲಿ ಕಲಿಸಿದರಾಯಿತು. ಇವು ಯಾವುವೂ ತಪ್ಪಲ್ಲ. ಆ ಹೊತ್ತಿಗೆ ಅವೇ ಸರಿಯಾದ ನಿರ್ಧಾರಗಳು, ತವಂದಿ ಘಾಟದ ಬೆಳ್ಳಿಕಾಗದದ ಹಾಗೆ. ಒಂದು ರಾತ್ರಿ ದಾಟಲಿಕ್ಕೆ ಅದು ಬೇಕೇಬೇಕಿತ್ತು. ತೊಂದರೆ ಶುರುವಾಗುವುದು ಮರುದಿನದಿಂದ. ಮರುದಿನವೂ ಅದೇ ನಡೆಯುತ್ತದೆ, ಅದರ ಮರುದಿನವೂ ನಡೆಯುತ್ತದೆ. ನಡೆಯುತ್ತದೆಯಲ್ಲ ಅಂತ ಮುಚ್ಚಳ ತೆಗೆದು ನೋಡುವುದನ್ನು ನಾವು ಬಿಟ್ಟುಬಿಡುತ್ತೇವೆ. ಮೇಲೆ ಹೊಸ ಭಾರ ಹೇರುತ್ತಾ ಹೋಗುತ್ತೇವೆ. ನನ್ನ ಮಗನಿಗೆ ಕನ್ನಡ ಓದಲು ಬರುವುದಿಲ್ಲ. ಕಲಿಸಬಾರದು ಅಂತ ನಾನು ಯಾವತ್ತೂ ತೀರ್ಮಾನ ಮಾಡಿರಲಿಲ್ಲ.

ಅಪ್ಪನೂ ತಮ್ಮ ಮೈಗೆ ಹೀಗೇ ಮಾಡಿಕೊಂಡವರು. 1994ರಲ್ಲಿ ಒಂದು ಬೆಳಿಗ್ಗೆ ಆಫೀಸಿಗೆ ಹೊರಟವರು ಮುಲುಂಡ ಸ್ಟೇಷನ್ನಿನಲ್ಲಿ ಕುಸಿದರು. ಎದೆನೋವು ತಿಂಗಳುಗಳಿಂದ ಬಂದು ಬಂದು ಹೋಗುತ್ತಿತ್ತಂತೆ. ಯಾಕೆ ಹೇಳಲಿಲ್ಲ ಅಂತ ಅವ್ವ ಆಸ್ಪತ್ರೆಯಲ್ಲಿ ಅತ್ತು ಕೇಳಿದಳು. "ಸದ್ಯಕ್ಕ ನಡೀತದಲಾ ಅಂತ ಸುಮ್ಮನಿದ್ದೆ" ಅಂದರು. ನೋವು ಎಂಬುದು ಮೈಯ ಫ್ಯೂಸು ಅಂತ ನನಗೆ ಹೊಳೆದದ್ದು ಈಗ. ಅದಕ್ಕೂ ಅವರು ಕಾಗದ ಸುತ್ತಿದ್ದರು. ಪುಣ್ಯಕ್ಕೆ ಬದುಕಿದರು, ಆಮೇಲೆ ಬಹಳ ವರ್ಷ ನಮ್ಮ ಜೊತೆ ಇದ್ದರು. ಅವ್ವನಿಗೆ ಮಾತ್ರ ಅವರ ಮೇಲೆ ಮೊದಲಿನ ನಂಬಿಕೆ ಬರಲಿಲ್ಲ. ಸುಮ್ಮನೆ ಕೂತಿದ್ದರೂ "ಏನಾಗೇದ, ಖರೇ ಹೇಳ್ರಿ" ಅನ್ನುತ್ತಿದ್ದಳು.

ಇಷ್ಟಾದ ಮೇಲೆ ನನಗೆ ತೋಚಿದ್ದು ಇದು. ಆ ರಾತ್ರಿ ಅಪ್ಪ ಮಾಡಿದ್ದು ಕಾಗದ ಸುತ್ತುವ ಕೆಲಸ ಅಂದುಕೊಂಡರೆ ಕಾಗದವನ್ನು ಉಳಿಸಬೇಕು. ಅವರು ಮಾಡಿದ್ದು ಗಾಡಿಯಲ್ಲಿ ಕೂತ ನಾಲ್ವರನ್ನು ಊರು ಮುಟ್ಟಿಸುವ ಕೆಲಸ ಅಂದುಕೊಂಡರೆ, ಈಗ ಹಿಂದಿನ ಸೀಟಿನಲ್ಲಿ ಕೂತ ಮಗುವಿಗಾಗಿ ಅದೇ ಕಾಗದವನ್ನು ತೆಗೆಯಬೇಕು. ಎರಡರಲ್ಲಿ ಅಪ್ಪನಿಗೆ ಹತ್ತಿರದ್ದು ಯಾವುದು ಎಂಬ ಬಗ್ಗೆ ನನಗೆ ಅನುಮಾನ ಉಳಿಯಲಿಲ್ಲ. ಅವರೇ ಹೇಳಿದ್ದರಲ್ಲ, ನಾಳೆ ಬದಲಾಯಿಸೋಣ ಅಂತ. ಆ ನಾಳೆಯನ್ನು ನಾನು ಮೂವತ್ತು ಚಿಲ್ಲರೆ ವರ್ಷ ತಡ ಮಾಡಿದ್ದೆ, ಅಷ್ಟೆ.

ಹೇಗೆ ತೆಗೆಯುವುದು ಎಂಬುದು ಇನ್ನೊಂದು ಪ್ರಶ್ನೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 2012ರಲ್ಲಿ ಒಪ್ಪಿದ ಟೂರಿನ್ ಸನ್ನದು ಅಂತ ಒಂದಿದೆ. ಅನಿವಾರ್ಯವಾಗಿ ಏನಾದರೂ ಬದಲಾಯಿಸುವುದಾದರೆ ಅದು ಮತ್ತೆ ಹಿಂದಕ್ಕೆ ತರುವಂತಿರಬೇಕು, ಕಳಚಿದ ಮುಖ್ಯ ಭಾಗಗಳನ್ನು ಗಾಡಿಯ ಜೊತೆಗೇ ಇಟ್ಟುಕೊಳ್ಳಬೇಕು ಎಂಬುದು ಅದರ ಸಲಹೆ. ಇದು ಕಾರಿಗೆ ಹೇಳಿದ ಮಾತಾದರೂ ನನಗೆ ಬಹಳ ಹಿಡಿಸಿತು.

ಚಾಚಾ ಎರಡು ದಿನ ಕೆಲಸ ಮಾಡಿದರು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಟ್ಟರು. ಪ್ರತಿ ತಂತಿಗೂ ಬಿಳಿ ಟೇಪ್ ಸುತ್ತಿ ಎಲ್ಲಿಂದ ಎಲ್ಲಿಗೆ ಅಂತ ನನ್ನ ಕೈಯಲ್ಲಿ ಬರೆಸಿದರು. ಹೊಸ ಪೆಟ್ಟಿಗೆಗೆ ತಗಡಿನಲ್ಲಿ ಒಂದು ತೂತೂ ಹೊಸದಾಗಿ ಕೊರೆಯಲಿಲ್ಲ. ಇದ್ದ ಬೋಲ್ಟುಗಳಿಗೇ ಒಂದು ಪಟ್ಟಿ ಬಿಗಿದು ಅದರ ಮೇಲೆ ಕೂಡಿಸಿದರು. ಬ್ಯಾಟರಿಯಿಂದ ದಪ್ಪ ಕೇಬಲ್ ಎಳೆದು, ಗೇಣು ದೂರದಲ್ಲೇ ಅದಕ್ಕೊಂದು ದೊಡ್ಡ ಫ್ಯೂಸ್ ಹಾಕಿದರು, ಯಾಕೆಂದರೆ ಆ ಕೇಬಲ್ ಎಲ್ಲಾದರೂ ತಗಡಿಗೆ ತಾಗಿದರೆ ಮುಂದಿನ ಹನ್ನೆರಡು ಫ್ಯೂಸುಗಳಿಂದ ಏನೂ ಉಪಯೋಗವಿಲ್ಲ. ಅರ್ಧ ಮನೆಗಳಿಗೆ ಸದಾ ಕರೆಂಟು: ಹಾರ್ನು, ಪಾರ್ಕಿಂಗ್ ದೀಪ, ಒಳಗಿನ ದೀಪ. ಇನ್ನರ್ಧಕ್ಕೆ ಕೀಲಿ ತಿರುಗಿಸಿದಾಗ ಮಾತ್ರ, ಅದೂ ರಿಲೇ ಮೂಲಕ. ಕೀಲಿಯ ಸ್ವಿಚ್ಚಿನಲ್ಲಿ ಹರಿಯುವುದು ಚಿಟಿಕೆ ಕರೆಂಟು, ಭಾರ ಹೊರುವುದು ರಿಲೇ. ಮಂಜಿನ ದೀಪಕ್ಕೆ ಒಂದು ಮನೆ, ವೈಪರಿಗೆ ಒಂದು, ಸ್ಟೀರಿಯೊಗೆ ಒಂದು. ಯಾರ ಭಾರ ಯಾರ ಮೇಲೂ ಇಲ್ಲ. "ಎಷ್ಟು ಆಂಪಿಯರಿನ ಫ್ಯೂಸ್ ಹಾಕೋಣ?" ಅಂತ ಕೇಳಿದರೆ ಮೊದಲು ತಂತಿಯ ದಪ್ಪ ನೋಡುತ್ತಿದ್ದರು, ಆಮೇಲೆ ದೀಪ. ಕೊನೆಗೆ ಒಂದೊಂದು ಮನೆಗೂ ಫ್ಯೂಸಿನ ಬದಲು 21 ವಾಟಿನ ಬಲ್ಬು ಚುಚ್ಚಿ ಪರೀಕ್ಷೆ ಮಾಡಿದರು. ಎಲ್ಲ ಸ್ವಿಚ್ಚೂ ಆರಿಸಿದ್ದಾಗ ಬಲ್ಬು ಝಗ್ಗನೆ ಹೊತ್ತಿಕೊಂಡರೆ ಎಲ್ಲೋ ತಂತಿ ತಗಡಿಗೆ ತಾಗಿದೆ ಅಂತ ಅರ್ಥ. ಹಾರ್ನಿನ ಮನೆಯಲ್ಲಿ ಹೊತ್ತಿತು. ಒಂದು ಗಂಟೆ ಹುಡುಕಿ ಮುಂದಿನ ಚಕ್ರದ ಹತ್ತಿರ ಸವೆದ ತಂತಿ ಹಿಡಿದರು. ಅದು ಎಷ್ಟು ವರ್ಷದಿಂದ ಹಾಗಿತ್ತೋ.

ಹಳೆಯ ಪೆಟ್ಟಿಗೆಯನ್ನು ಅದರ ಜಾಗದಲ್ಲೇ ಬಿಟ್ಟೆವು, ತಂತಿ ಇಲ್ಲದೆ. ಬೆಳ್ಳಿಕಾಗದದ ಫ್ಯೂಸನ್ನು ಒಂದು ಚಿಕ್ಕ ಡಬ್ಬಿಗೆ ಹಾಕಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆ. ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ. "ಛಲೋ ಆತು" ಅಂತ ಬರೆದ. ಸ್ವಲ್ಪ ಹೊತ್ತಿಗೆ ಇನ್ನೊಂದು ಸಾಲು ಬಂತು: "ಆದ್ರ ಆ ಖಾಲಿ ಪೆಟ್ಟಿಗಿ ಯಾರಿಗ್ ತೋರಸ್ಲಿಕ್ಕೆ?"

ಅದಕ್ಕೂ ಅವನದೇ ಸರಿ ಇರಬಹುದು. ಕರೆಂಟಿಲ್ಲದ ಪೆಟ್ಟಿಗೆಯನ್ನು ಚಂದಕ್ಕೆ ಇಟ್ಟುಕೊಳ್ಳುವುದೂ ಒಂದು ಬಗೆಯ ಸುಳ್ಳೇ. ಮುಂಬಯಿಯಲ್ಲಿ ನಾವು ಹಬ್ಬದ ದಿನ ಮಾತ್ರ ಹೊರತೆಗೆಯುವ ಎಷ್ಟೋ ಸಂಗತಿಗಳು ಹೀಗೇ ಇವೆ, ಒಳಗೆ ತಂತಿ ಇಲ್ಲದವು. ಕಿತ್ತುಹಾಕಲು ಮನಸ್ಸಾಗಲಿಲ್ಲ. ಹಾಗಂತ ಮುಂದೆ ಈ ಗಾಡಿ ಹಿಡಿಯುವವರು ಮೋಸ ಹೋಗಬಾರದು. ಅದಕ್ಕೇ ಒಂದು ಚೀಟಿ ಬರೆದು ಹಳೆಯ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಇದರಲ್ಲಿ ಕರೆಂಟಿಲ್ಲ, ಹೊಸದು ಎಡಗಡೆ ಇದೆ, ಯಾವ ಮನೆ ಯಾವುದಕ್ಕೆ, ಎಷ್ಟು ಆಂಪಿಯರ್. ಹೋದರೆ ಅಷ್ಟರದೇ ಹಾಕಬೇಕು, ಬೇರೇನೂ ಸುತ್ತಬಾರದು. ಹೆಚ್ಚಿನ ಫ್ಯೂಸುಗಳು ಖಾನೆಯಲ್ಲಿವೆ.

ಚೀಟಿಯನ್ನು ಕನ್ನಡದಲ್ಲಿ ಬರೆದಿದ್ದೆ. ಅಂಟಿಸಿದ ಮೇಲೆ, ಇದನ್ನು ಓದಬೇಕಾದವನು ನನ್ನ ಮಗ ಅಂತ ನೆನಪಾಯಿತು. ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಚೀಟಿ ಅಂಟಿಸಿದೆ. ಭಾನುವಾರ ಮಗನನ್ನೂ ಮೊಮ್ಮಗನನ್ನೂ ಕೂಡಿಸಿಕೊಂಡು, ಇಂಗ್ಲಿಷ್ ಚೀಟಿಯನ್ನು ಕೈಯಿಂದ ಮುಚ್ಚಿ, ಕನ್ನಡದ್ದನ್ನು ಅಕ್ಷರ ಅಕ್ಷರ ಕೂಡಿಸಿ ಓದಿಸಲು ಕೂತೆ. 'ಫ್ಯೂಸ್' ಎಂಬ ಮೊದಲ ಒತ್ತಕ್ಷರಕ್ಕೇ ಅರ್ಧ ಗಂಟೆ ಹೋಯಿತು. ಮೊಮ್ಮಗ ಬೇಗ ಹಿಡಿದ, ಮಗನಿಗೆ ಬೆವರು ಬಂತು. ಸಾಕು, ಸದ್ಯಕ್ಕೆ ಇಷ್ಟಿರಲಿ ಅಂತ ಎದ್ದ. ಮುಂದಿನ ಭಾನುವಾರ ಎಷ್ಟು ಗಂಟೆಗೆ ಅಂತ ಕೇಳಿ, ಅವನ ಬಾಯಿಂದಲೇ ಹೊತ್ತು ಹೇಳಿಸಿಕೊಂಡು ಬಿಟ್ಟೆ.